ತಮ್ಮ ತೆಳ್ಳಗಾದಷ್ಟೂ ಕಾರು ಓಡಿತು

ಕಾರಿನ ವಿಷಯ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುತ್ತ ಗಂಡಸರು ಗುಂಪುಗೂಡಿ, ಆ ಗಾಡಿಗೆ ಇಷ್ಟು ಹಾರ್ಸ್‌ಪವರ್, ಈ ಗಾಡಿಗೆ ಅಷ್ಟು ಹಾರ್ಸ್‌ಪವರ್ ಎಂದು ಕೊಚ್ಚಿಕೊಳ್ಳಲು ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೇನು ಗೊತ್ತು ಎಂದು ಮೊಮ್ಮಕ್ಕಳು ನಗುತ್ತಾರೆ. ಗೊತ್ತು ಕಣ್ರಪ್ಪಾ, ನಿಮಗಿಂತ ಚೆನ್ನಾಗಿಯೇ ಗೊತ್ತು. ಎಷ್ಟು ಕುದುರೆ ಎಂಬುದಲ್ಲ, ಒಂದೊಂದು ಕುದುರೆಯ ಪಾಲಿಗೆ ಎಷ್ಟು ಹೊರೆ ಎಂಬುದು ಮುಖ್ಯ. ಅದನ್ನು ನನಗೆ ಹೇಳಿಕೊಟ್ಟವನು ನನ್ನ ತಮ್ಮ. ಹೇಳಿಕೊಟ್ಟ ವರ್ಷವೇ ಅವನು ತೆಳ್ಳಗಾಗುತ್ತ ಹೋದ. ಅವನು ತೆಳ್ಳಗಾದಷ್ಟೂ ಕಾರು ಚೆನ್ನಾಗಿ ಓಡಿತು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಎದೆಯೊಳಗೆ ಕ್ಷಯ ಕೂತು ಅವನನ್ನು ತಿನ್ನುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕೊಡಗು ಆಗಿನ್ನೂ ಮೈಸೂರಿಗೆ ಸೇರಿರಲಿಲ್ಲ. ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ನನ್ನನ್ನು ಸುಂಟಿಕೊಪ್ಪದ ಬಳಿಯ ಒಂದು ಕಾಫಿ ತೋಟದ ರೈಟರಿಗೆ ಕೊಟ್ಟರು. ರೈಟರ್ ಎಂದರೆ ಕಥೆ ಬರೆಯುವವರು ಎಂದುಕೊಳ್ಳಬೇಡಿ. ಆಳುಗಳ ಹಾಜರಿ ಹಾಕಿ, ಅವರು ಕುಯ್ದು ತಂದ ಕಾಫಿ ಹಣ್ಣನ್ನು ತೂಗಿಸುವವರು. ಅವ್ವ ತೀರಿಕೊಂಡ ಮೇಲೆ ತಮ್ಮ ನಮ್ಮ ಮನೆಗೇ ಬಂದ. ಬಂದವನೇ ರಿಪೇರಿಗೆಂದು ತೋಟದ ಲಾರಿಯ ಕೆಳಗೆ ಮಲಗಿದ, ಮತ್ತೆ ಎದ್ದು ಬರಲೇ ಇಲ್ಲ ಎನ್ನಬೇಕು. ಲಾರಿ, ಪಂಪು, ಹಣ್ಣು ಬಿಡಿಸುವ ಪಲ್ಪರ್ ಯಂತ್ರ, ಎಲ್ಲಕ್ಕೂ ಅವನೇ ಫಿಟ್ಟರ್. ಮಸಿ ಕೈಯಲ್ಲೇ ಅಡುಗೆಮನೆಗೆ ನುಗ್ಗುತ್ತಿದ್ದ, ನಾನು ಸೌಟು ಎತ್ತುತ್ತಿದ್ದೆ. ಮುದ್ದೆ ನುಂಗುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ತೋಟದ ಒಡೆಯರನ್ನು ನಮ್ಮಲ್ಲಿ ಸಾಹುಕಾರ್ರು ಎನ್ನುತ್ತಿದ್ದೆವು. ಕೊಡವರು, ಮಿಲಿಟರಿಯಲ್ಲಿದ್ದು ಬಂದವರು, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆಯಾಗುವಂಥ ಆಳು. ಹಿಂದಿನ ಬಿಳಿ ದೊರೆ ಇವರಿಗೆ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ಬಂಗಲೆಯ ಜೊತೆ ಒಂದು ಕಾರನ್ನೂ ಬಿಟ್ಟುಹೋಗಿದ್ದ. ಇಬ್ಬರೇ ಕೂರುವಂಥದ್ದು. ಮೇಲೆ ಬಟ್ಟೆಯ ಹುಡ್ಡು, ಬಾಗಿಲು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಸಾಹುಕಾರ್ರು ಅದರೊಳಗೆ ಕೂತರೆ ಗಾಡಿ ಅವರ ಕಡೆಗೇ ವಾಲುತ್ತಿತ್ತು. ಆಳುಗಳ ಸಾಲುಮನೆಗಳಿದ್ದ ಲೈನಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಅದೇ ವರ್ಷ ಆಚೆ ತೋಟದ ಒಡೆಯರು ಮದ್ರಾಸಿನಿಂದ ಒಂದು ದೊಡ್ಡ ಕಾರು ತರಿಸಿದರು. ಅದರ ಮೂತಿಯೇ ನಮ್ಮ ಅಡುಗೆಮನೆಯಷ್ಟು ಉದ್ದ. ಕ್ಲಬ್ಬಿನಲ್ಲಿ ಮಾತಿಗೆ ಮಾತು ಬೆಳೆದು ಪಂದ್ಯ ಕಟ್ಟಿಕೊಂಡರಂತೆ. ಹಣ್ಣು ಕುಯ್ಲು ಮುಗಿದ ಮೇಲೆ, ನಮ್ಮ ತೋಟದ ತೊರೆಯ ಸೇತುವೆಯಿಂದ ಗುಡ್ಡದ ಮೇಲಿನ ಬಂಗಲೆಯವರೆಗೆ ಒಬ್ಬೊಬ್ಬರೇ ಕಾರು ಓಡಿಸಿಕೊಂಡು ಏರಬೇಕು. ಗಡಿಯಾರ ಹಿಡಿದು ನೋಡಿ ಬೇಗ ಏರಿದವರು ಗೆದ್ದ ಹಾಗೆ. ಸಾಹುಕಾರ್ರು ಮಾರನೆಯ ದಿನ ತಮ್ಮನನ್ನು ಕರೆದರು.

"ಗಾಡಿ ನಂದು, ಓಡಿಸೋದು ನೀನು. ನಾನು ಕೂತ್ರೆ ಇಂಜಿನ್ನು ನನ್ನ ಹೊರೋದ್ರಲ್ಲೇ ಸುಸ್ತಾಗ್ತದೆ" ಎಂದರು.

ತಮ್ಮ ಕುಣಿಯುತ್ತ ಮನೆಗೆ ಬಂದ. ನಾನು ಬಾವಿಯಿಂದ ನೀರು ತಂದು ಕೊಡ ಇಳಿಸುತ್ತಿದ್ದೆ.

"ಅಕ್ಕ, ಆ ಕಾರಿಗೆ ನಮ್ದರ ಎರಡರಷ್ಟು ಹಾರ್ಸ್‌ಪವರ್ ಐತೆ ಕಣಕ್ಕ."

"ಹಂಗಾದ್ರೆ ಸೋತಂಗೇ ಬುಡು. ಕೈ ತೊಳ್ಕೊಂಡು ಬಾ, ಉಣ್ಣು."

"ಅಯ್ಯೋ, ಕೇಳಿಲ್ಲಿ. ನೀನು ತುಂಬಿದ ಕೊಡ ಹೊತ್ಕೊಂಡು ಬಾವಿಯಿಂದ ಓಡಿ ಬಾ ನೋಡಾನ. ಸೀದಾ ದಾರಿಲಿ ಹೆಂಗೋ ಬಂದ್ಬುಡ್ತೀಯ. ಹಿತ್ತಲ ಮೂಲೇಲಿ ತಿರುಗ್ಬೇಕಲ್ಲ, ಅವಾಗ? ನೀನು ಈ ಕಡೆ ತಿರುಗಿದ್ರೆ ಕೊಡ ಆ ಕಡೆಗೇ ಎಳೀತದೆ. ನಿಲ್ಲಾನ ಅಂದ್ರೂ ಅದು ಮುಂದಕ್ಕೆ ನೂಕ್ತದೆ. ಖಾಲಿ ಕೊಡ ಆದ್ರೆ ಹೆಂಗೆ ಬೇಕಾದ್ರೂ ತಿರುಗು, ಎಲ್ಲಿ ಬೇಕಾದ್ರೂ ನಿಲ್ಲು."

"ಖಾಲಿ ಕೊಡ ತಂದ್ರೆ ನಿಂಗೆ ಸಾರು ಯಾತ್ರಲ್ಲೋ ಮಾಡ್ಲಿ?"

ನಕ್ಕ. ನಕ್ಕು ಮತ್ತೆ ಅದೇ ಪುರಾಣ. ಮೈಸೂರಿನ ಕಡೆಯ ಬಯಲಿನ ರಸ್ತೆಯಾದರೆ ಆ ದೊಡ್ಡ ಗಾಡಿಯ ಮುಂದೆ ನಮ್ಮದು ಏನೂ ಅಲ್ಲ, ಅಲ್ಲಿ ಕುದುರೆಗಳೇ ದೊಡ್ಡವು. ಇಲ್ಲಿ ಹೆಜ್ಜೆಗೊಂದು ತಿರುವು. ತಿರುವಿಗೆ ಮುಂಚೆ ಅವರು ಬೇಗ ಬ್ರೇಕು ಹಿಡಿಯಬೇಕು, ನಾವು ತಡವಾಗಿ ಹಿಡಿದರೂ ನಡೆಯುತ್ತದೆ. ತಿರುವು ದಾಟಿದ ಮೇಲೆ ಅವರ ಇಂಜಿನ್ನು ಆ ಭಾರವನ್ನೆಲ್ಲ ಮತ್ತೆ ಮೊದಲಿನಿಂದ ಎಬ್ಬಿಸಬೇಕು. ಇಂಜಿನ್ನಿಗೆ ಕುದುರೆ ಸೇರಿಸುವುದು ನಮ್ಮ ಕೈಯಲ್ಲಿಲ್ಲ, ಹೊರೆ ಇಳಿಸುವುದು ಇದೆ. ಇಷ್ಟು ಹೇಳಿ ಅವನು ಅವತ್ತೇ ಸ್ಪ್ಯಾನರು ಹಿಡಿದ.

ಮೊದಲು ಸ್ಟೆಪ್ನಿ ಚಕ್ರ ಹೋಯಿತು. ಆಮೇಲೆ ಹುಡ್ಡು, ಬಂಪರು, ಮಡ್ಗಾರ್ಡು, ಪಕ್ಕದ ಸೀಟು. ಓಡಿಸುವವನ ತೊಗಲಿನ ಸೀಟನ್ನೂ ಕಿತ್ತು, ಲೈನಿನಲ್ಲಿ ಬುಟ್ಟಿ ಹೆಣೆಯುವ ಮುದುಕನ ಕೈಯಲ್ಲಿ ಬೆತ್ತದ ಸೀಟು ಹೆಣೆಸಿದ. ಕಬ್ಬಿಣದ ಪಟ್ಟಿಗಳಿಗೆ ತೂತು ಕೊರೆದ. ಒಂದು ಸಲ ಎಡವಟ್ಟೂ ಆಯಿತು. ಹಿಂದಿನ ಭಾರವೆಲ್ಲ ಹೋದದ್ದರಿಂದ ಹಿಂದಿನ ಚಕ್ರಗಳು ಜಲ್ಲಿಯ ಮೇಲೆ ನಿಂತಲ್ಲೇ ತಿರುಗಿದವು, ಗಾಡಿ ಮುಂದೆ ಹೋಗಲೊಲ್ಲದು. ಮೋರೆ ಸಣ್ಣದು ಮಾಡಿಕೊಂಡು ಬಂದು ಕೂತ. ಊಟ ಮಾಡುತ್ತಿದ್ದವನು ಅರ್ಧಕ್ಕೇ ಎದ್ದು ಓಡಿ, ಮುಂದಿದ್ದ ಬ್ಯಾಟರಿಯನ್ನು ಹಿಂದಕ್ಕೆ ಸಾಗಿಸಿದ. ಚಕ್ರ ನೆಲ ಕಚ್ಚಿತು. ಭಾರ ಇಳಿಸಿದರಷ್ಟೇ ಸಾಲದು, ಉಳಿದದ್ದು ಎಲ್ಲಿ ಕೂತಿದೆ ಎಂದೂ ನೋಡಬೇಕು ಎಂದು ಆಮೇಲೆ ನನಗೆ ಪಾಠ ಹೇಳಿದ.

"ಇನ್ನು ತೆಗಿಯಕ್ಕೆ ಏನೂ ಉಳಿದಿಲ್ಲ ಅಕ್ಕ. ನಾನೊಬ್ನೇ."

ಮಾರನೆಯ ದಿನದಿಂದ ಮುದ್ದೆ ಅರ್ಧವಾಯಿತು. ನಾನು ಬೈದೆ, ಗೋಗರೆದೆ, ತಟ್ಟೆಯನ್ನು ಎದುರಿಗೆ ಕುಕ್ಕಿದೆ. ಅವನು ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದ. ಕುದುರೆ ಜೂಜಿನ ಸವಾರರು ಹೀಗೇ ಮೈ ಇಳಿಸುತ್ತಾರೆ ಎಂದು ಸಾಹುಕಾರ್ರು ಹೇಳಿದ್ದರಂತೆ. ಸಾಹುಕಾರ್ರು ಹೇಳಿದ ಮೇಲೆ ಮುಗಿಯಿತು, ಅಕ್ಕ ಯಾವ ಲೆಕ್ಕ!

ಆಗ ಹಣ್ಣಿನ ಕಾಲ. ಸಂಜೆ ಆಳುಗಳೆಲ್ಲ ಚೀಲ ಹೊತ್ತು ಸ್ಟೋರಿನ ಮುಂದೆ ಸಾಲು ನಿಲ್ಲುತ್ತಿದ್ದರು. ಕಾಟಾದ ಮೇಲೆ ಚೀಲ ಇಟ್ಟು ನಮ್ಮನೆಯವರು ತೂಕ ಕೂಗಬೇಕು. ಅವರ ಗಂಟಲು ದೊಡ್ಡದು, ಕೆಳಗಿನ ಲೈನಿನವರೆಗೂ ಕೇಳುತ್ತಿತ್ತು. ಶನಿವಾರ ಕೊನೆಯ ಚೀಲ ಇಳಿದ ಮೇಲೆ ತಮ್ಮ ಚಪ್ಪಲಿ ಬಿಟ್ಟು, ಜೇಬಿನ ಸ್ಪ್ಯಾನರು ತೆಗೆದಿಟ್ಟು, ಕಾಟಾ ಹತ್ತಿ ನಿಲ್ಲುತ್ತಿದ್ದ. ನಮ್ಮನೆಯವರು ಹಣ್ಣಿನ ತೂಕ ಕೂಗುವ ರಾಗದಲ್ಲೇ ಅವನ ತೂಕವನ್ನೂ ಕೂಗುತ್ತಿದ್ದರು. ಹಿಂದಿನ ವಾರಕ್ಕಿಂತ ಇಳಿದಿದ್ದರೆ ಇಡೀ ಅಂಗಳ ಹೋ ಎನ್ನುತ್ತಿತ್ತು. ತಮಿಳರು ಸಿಳ್ಳೆ ಹಾಕುವರು, ಮಲಯಾಳದ ಹೆಂಗಸರು ಕೈ ತಟ್ಟುವರು. ತುಳು ಮಾತಾಡುವ ಒಬ್ಬ ಮುದುಕಿ ಮಾತ್ರ, "ಎಂಥ ಮಾರಾಯ, ನೀನು ಉಣ್ಣುವುದೇ ಇಲ್ವಾ? ಗಾಳಿ ಬಂದರೆ ಕಾರು ಬಿಟ್ಟು ನೀನೇ ಹಾರಿ ಹೋಗ್ತೀಯ" ಎಂದು ಗದರುತ್ತಿದ್ದಳು. ಅದಕ್ಕೂ ಎಲ್ಲರೂ ನಗುತ್ತಿದ್ದರು. ಒಳ್ಳೆಯ ದಿನಗಳು ಎಂದೇ ಹೇಳಬೇಕು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅದನ್ನು ನೆನೆದರೇ ಹೊಟ್ಟೆ ಉರಿಯುತ್ತದೆ, ಯಾರನ್ನಾದರೂ ಶಪಿಸೋಣ ಎಂದರೆ ಒಬ್ಬರೂ ಸಿಗುವುದಿಲ್ಲ.

ಒಂದು ಹಂತದಲ್ಲಿ ಅವನು ಪಥ್ಯ ಬಿಟ್ಟ. ಸಾಕು, ಇನ್ನು ಇಳಿದರೆ ಸ್ಟೀರಿಂಗ್ ಹಿಡಿಯುವ ಕೈಗೆ ಬಲ ಇರುವುದಿಲ್ಲ ಎಂದು ಸಾಹುಕಾರ್ರೇ ಹೇಳಿದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿ, ಅವರೆಕಾಳಿನ ಸಾರು ಮಾಡಿ, ಬಿಸಿ ಮುದ್ದೆ ಬಡಿಸಿದೆ. ಎರಡು ತುತ್ತಿಗೆ ಕೈ ನಿಂತಿತು.

"ಯಾಕೋ ಹಸಿವೇ ಇಲ್ಲ ಅಕ್ಕ. ಹೊಟ್ಟೆ ಸಣ್ಣದಾಗ್ಬುಟ್ಟದೆ."

ಇರಬಹುದು ಎಂದುಕೊಂಡೆವು. ಶನಿವಾರ ಕಾಟಾ ಹತ್ತಿದಾಗ ಮತ್ತೆ ಇಳಿದಿದ್ದ. ಅಂಗಳ ಮತ್ತೆ ಹೋ ಎಂದಿತು. ಕೆಮ್ಮು ಬಂತು, ರಸ್ತೆಯ ಕೆಂಪು ಧೂಳು ಎಂದೆವು. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಹಗಲೆಲ್ಲ ತಗಡಿನ ಶೆಡ್ಡಿನಲ್ಲಿ ಬೇಯುತ್ತಾನಲ್ಲ ಎಂದೆವು. ಬೆಳಿಗ್ಗೆ ಅವನ ಹಾಸಿಗೆ ಬೆವರಿಗೆ ಒದ್ದೆಯಾಗಿರುತ್ತಿತ್ತು. ಕನಸಿನಲ್ಲೂ ಕಾರು ಓಡಿಸುತ್ತಿರಬೇಕು ಎಂದು ನಮ್ಮನೆಯವರು ತಮಾಷೆ ಮಾಡಿದರು. ಕಣ್ಣುಗಳಂತೂ ಫಳಫಳ ಹೊಳೆಯುತ್ತಿದ್ದವು. ಹುಡುಗ ಎಷ್ಟು ಖುಷಿಯಾಗಿದ್ದಾನೆ ನೋಡಿ ಎಂದರು ಜನ. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು, ಎಲ್ಲ ಕಾರಣವೂ ಕಾರೇ. ಬೇರೆ ಯಾರಾದರೂ ಹಾಗೆ ಸೊರಗಿದ್ದರೆ ಲೈನಿನವರೇ ಲಾರಿ ಹತ್ತಿಸಿ ಮಡಿಕೇರಿಗೆ ಕಳಿಸುತ್ತಿದ್ದರು.

ಕಾರು ಮಾತ್ರ ನಿಜವಾಗಿಯೂ ಚೆನ್ನಾಗಿ ಓಡುತ್ತಿತ್ತು. ಪ್ರತಿ ಭಾನುವಾರ ಸೇತುವೆಯಿಂದ ಮೇಲಕ್ಕೆ ಬಿಟ್ಟು ನೋಡುತ್ತಿದ್ದರು. ಸಾಹುಕಾರ್ರು ಗಡಿಯಾರ ಹಿಡಿದು ಬಂಗಲೆಯ ಮುಂದೆ ನಿಂತಿರುವರು. ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ.

ಪಂದ್ಯದ ದಿನ ಬಂತು. ಗಿಡಗಳೆಲ್ಲ ಖಾಲಿಯಾಗಿ ಹೂಮಳೆಗೆ ಕಾಯುತ್ತಿದ್ದ ಸಮಯ. ಸುತ್ತಲ ತೋಟದವರೆಲ್ಲ ಬಂದಿದ್ದರು. ನಾನು ಹೆಂಗಸರ ಜೊತೆ ಕೊನೆಯ ತಿರುವಿನ ಮೇಲಿನ ದಿಣ್ಣೆಯಲ್ಲಿ ನಿಂತಿದ್ದೆ. ದೊಡ್ಡ ಕಾರು ಮೊದಲು ಹೊರಟಿತು. ಅಬ್ಬಾ, ಅದರ ಸದ್ದೇ! ಕೆಳಗಿನ ನೇರ ದಾರಿಯಲ್ಲಿ ಗುಡುಗಿಕೊಂಡು ಬಂತು. ತಿರುವು ಬಂದಾಗ ಬ್ರೇಕಿನ ಚೀತ್ಕಾರ, ಹೊರಳಾಟ, ಮತ್ತೆ ತಿಣುಕಿ ತಿಣುಕಿ ಏರುವುದು. ತಮ್ಮ ಹೇಳಿದ್ದ ತುಂಬಿದ ಕೊಡ ಕಣ್ಣೆದುರಿಗೇ ಇತ್ತು. ನನಗೆ ಅರ್ಥವಾಯಿತು ಎಂದು ಎಷ್ಟು ಹೆಮ್ಮೆಯಾಯಿತೆಂದರೆ ಪಕ್ಕದವಳ ಕೈ ಹಿಡಿದು ಹಿಸುಕಿಬಿಟ್ಟೆ.

ಆಮೇಲೆ ಅವನು ಬಂದ. ನೇರ ದಾರಿಯಲ್ಲಿ ನಮ್ಮ ಕಾರು ಅಂಥ ವೇಗವೇನೂ ಅಲ್ಲ, ಪಾಪ, ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡಿಕೊಂಡು ಬಂತು. ತಿರುವಿಗೆ ಬಂದಾಗ ನಿಲ್ಲಲೇ ಇಲ್ಲ. ಹಾಗೇ ತಿರುಗಿತು, ಹಾಗೇ ಏರಿತು. ಇನ್ನೊಂದು ತಿರುವು, ಮತ್ತೊಂದು. ನನ್ನ ಕೆಳಗೇ ಹಾದುಹೋದ. ಬೆತ್ತದ ಸೀಟಿನಲ್ಲಿ ಅವನ ಭುಜ ಎಷ್ಟು ಸಣ್ಣಗಿತ್ತು! ಗೆದ್ದ ಎಂದು ಗಡಿಯಾರ ನೋಡದೆಯೇ ಎಲ್ಲರಿಗೂ ಗೊತ್ತಾಯಿತು. ನಾನು ಸೆರಗು ಸಿಕ್ಕಿಸಿಕೊಂಡು ಬಂಗಲೆಯ ಕಡೆಗೆ ಓಡಿದೆ.

ಅಲ್ಲಿ ಜನ ಕಾರನ್ನು ಮುತ್ತಿಕೊಂಡಿದ್ದರು. ತಮ್ಮ ಇಳಿದಿರಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತು ನಗುತ್ತಿದ್ದ. ಇಳಿಯೋ ಎಂದರೆ, "ಇಳೀತೀನಿ, ಒಂದ್ ಗಳಿಗೆ" ಎನ್ನುತ್ತಿದ್ದ. ಸಾಹುಕಾರ್ರು, "ಇವನು ಎಲ್ಲಿ ಇಳೀತಾನೆ, ನಾವೇ ಇಳಿಸ್ಬೇಕು!" ಎಂದು ಕೂಗಿ, ಹೆಗಲ ಮೇಲೆ ಕೂರಿಸಿಕೊಂಡು ಕುಣಿಸಲು ಅವನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದರು.

ಎತ್ತಿದವರು ಹಾಗೇ ನಿಂತುಬಿಟ್ಟರು. ಅವರ ಮುಖದ ನಗು ಆರಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ಯುದ್ಧ ಕಂಡ ಮನುಷ್ಯ, ಎಷ್ಟು ಜನ ಸಿಪಾಯಿಗಳನ್ನು ಹೊತ್ತಿದ್ದರೋ ಏನೋ. ಬದುಕಿರುವ ಮನುಷ್ಯ ಎಷ್ಟು ತೂಗಬೇಕು ಎಂದು ಆ ಕೈಗಳಿಗೆ ಗೊತ್ತಿರಬೇಕು. ಕಾಟಾ ಕೂಗಿದ ತೂಕವನ್ನು ವಾರವಾರವೂ ಕೇಳಿದ್ದರು, ಆದರೆ ಅವನನ್ನು ಎತ್ತಿದ್ದು ಅದೇ ಮೊದಲು. ಹೆಗಲಿಗೆ ಏರಿಸಲಿಲ್ಲ. ಎದೆಗೆ ಒತ್ತಿಕೊಂಡು ಮೆಲ್ಲಗೆ ವರಾಂಡದ ಕುರ್ಚಿಯಲ್ಲಿ ಇಳಿಸಿ ನನ್ನ ಕಡೆ ತಿರುಗಿದರು.

"ಇದು ಪಥ್ಯ ಅಲ್ಲಮ್ಮ" ಎಂದರು.

ಪಕ್ಕದ ಸೀಟಿಲ್ಲದ ಆ ಗೆದ್ದ ಕಾರು ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ. ತೋಟದ ಲಾರಿಯಲ್ಲೇ ಮಡಿಕೇರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಅವನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, ಯಾವಾಗಿನಿಂದ ತೂಕ ಇಳಿಯುತ್ತಿದೆ, ಸುಮಾರಾಗಿ ಹೇಳಿ ಸಾಕು ಎಂದರು. ನಮ್ಮನೆಯವರು ಸುಮಾರಾಗಿ ಹೇಳಲಿಲ್ಲ. ಶುರುವಿನ ಶನಿವಾರದಿಂದ ಹಿಡಿದು ಪ್ರತಿ ವಾರದ ತೂಕವನ್ನೂ ಒಂದೂ ತಪ್ಪದೆ ಬಾಯಿಪಾಠ ಒಪ್ಪಿಸಿದರು. ಹೇಳುತ್ತ ಹೇಳುತ್ತ ಅವರಿಗೇ ಅರ್ಥವಾಗತೊಡಗಿತು. ದನಿ ತಗ್ಗಿತು, ಕೊನೆಯ ವಾರಗಳದ್ದು ಕೇಳಿಸಲೇ ಇಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವರ್ಷದ ಹಣ್ಣಿನ ಕಾಲದಲ್ಲಿ ತೂಕ ಕೂಗಲು ಬೇರೆಯವರನ್ನು ಇಡಬೇಕಾಯಿತು. ನಮ್ಮನೆಯವರ ಗಂಟಲು ಏಳುತ್ತಿರಲಿಲ್ಲ.

ಮೈಸೂರಿನ ಕ್ಷಯದ ಆಸ್ಪತ್ರೆಗೆ ಸೇರಿಸಿದೆವು. ಸಾಹುಕಾರ್ರೇ ಮುಂದೆ ನಿಂತು ಓಡಾಡಿದರು. ಹೊಸ ಇಂಜೆಕ್ಷನ್ ಬಂದಿದೆ, ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದಾರೆ ಎಂದು ಅಲ್ಲಿ ಹೇಳಿದರು. ತಮ್ಮನ ಎರಡೂ ಶ್ವಾಸಕೋಶ ಆಗಲೇ ಹಾಳಾಗಿದ್ದವು. ಆದರೂ ನಾನು ನಂಬಿದೆ. ನಂಬದೆ ಏನು ಮಾಡಲಿ? ಪ್ರತಿ ವಾರ ಸುಂಟಿಕೊಪ್ಪದಲ್ಲಿ ಬಸ್ಸು ಹತ್ತುತ್ತಿದ್ದೆ. ತುಪ್ಪ, ಹುರಿಹಿಟ್ಟು, ಬೆಲ್ಲ, ಬೇಯಿಸಿದ ಮೊಟ್ಟೆ. ಆ ಆಸ್ಪತ್ರೆಯಲ್ಲೂ ವಾರಕ್ಕೊಮ್ಮೆ ತೂಗುತ್ತಿದ್ದರು. ತೂಕ ಏರಿದವನ ಮಂಚಕ್ಕೆ ಪಕ್ಕದವರೆಲ್ಲ ಬಂದು ಬೆನ್ನು ತಟ್ಟುವರು. ಇಳಿದವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ, ಅವನು ಗೋಡೆಯ ಕಡೆ ತಿರುಗಿ ಮಲಗುವನು.

"ಈ ವಾರ ಏರಿದೀನಿ ಅಕ್ಕ" ಎನ್ನುತ್ತಿದ್ದ ತಮ್ಮ. ನಾನು ಮೊಟ್ಟೆ ಬಿಡಿಸಿ ಕೊಟ್ಟರೆ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದ. ಒಂದು ದಿನ ನರ್ಸಮ್ಮ ನನ್ನನ್ನು ವರಾಂಡಕ್ಕೆ ಕರೆದು ಹೇಳಿದಳು: "ನೋಡಿ ಅಮ್ಮ, ನಿಮ್ಮ ತಮ್ಮನಿಗೆ ಬುದ್ಧಿ ಹೇಳಿ. ತೂಗೋ ದಿನ ಬೆಳಿಗ್ಗೆ ಚೊಂಬುಗಟ್ಟಲೆ ನೀರು ಕುಡಿದು ಬರ್ತಾರೆ. ಆಮೇಲೆ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾರೆ. ಯಾಕೆ ಹೀಗೆ ಮಾಡ್ತೀರಿ ಅಂದ್ರೆ, ನಮ್ಮಕ್ಕ ಬರ್ತಾಳೆ, ಅವಳು ಕೇಳ್ತಾಳೆ ಅಂತಾರೆ."

ನಾನು ಏನು ಬುದ್ಧಿ ಹೇಳಲಿ? ಕಂಬಕ್ಕೆ ಒರಗಿ ಅತ್ತೆ. ಮುಖ ತೊಳೆದುಕೊಂಡು ಒಳಗೆ ಹೋಗಿ, ಈ ವಾರ ಎಷ್ಟು ಏರಿದೀಯೋ ಎಂದು ಎಂದಿನ ಹಾಗೆಯೇ ಕೇಳಿದೆ. ಹೇಳಿದ.

ಅದಾದ ಮೇಲೆ ಅವನು ಕಾಟಾದವರೆಗೆ ನಡೆದು ಹೋಗುವುದೂ ನಿಂತಿತು. ನಾನು ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿದು ಉಳಿದುಕೊಂಡೆ. ಒಂದು ಮಧ್ಯಾಹ್ನ ನರ್ಸಮ್ಮ ಹಾಸಿಗೆಯ ಬಟ್ಟೆ ಬದಲಿಸಲು ಬಂದಳು. ಆಳು ಕರೆಯುತ್ತೇನೆ ಎಂದಳು. ಬೇಡಮ್ಮ, ನಾನೇ ಎತ್ತಿ ಹಿಡಿದುಕೊಳ್ಳುತ್ತೇನೆ ಎಂದೆ. ಒಂದು ಕೈ ಕತ್ತಿನ ಕೆಳಗೆ, ಒಂದು ಕೈ ಮಂಡಿಯ ಕೆಳಗೆ ಹಾಕಿದೆ. ಎತ್ತಲು ಎಷ್ಟು ಬಲ ಬೇಕಾಗಬಹುದು ಎಂದು ಉಸಿರು ಬಿಗಿಹಿಡಿದಿದ್ದೆನೋ ಅಷ್ಟೂ ವ್ಯರ್ಥವಾಯಿತು, ಅವನು ಸುಮ್ಮನೆ ಎದ್ದು ಬಂದ. ಮೈಯಲ್ಲಿ ಜ್ವರದ ಕಾವೊಂದೇ ಇತ್ತು. ಅವನ ಬಾಯಿ ನನ್ನ ಕಿವಿಯ ಹತ್ತಿರವಿತ್ತು.

"ಭಾರ ಇದ್ದೀನಾ ಅಕ್ಕ?" ಎಂದ.

"ಅಯ್ಯೋ, ಎಷ್ಟು ಭಾರ ಆಗಿದ್ದೀಯೋ!" ಎಂದೆ. "ಕೈ ಬಿದ್ದೋಗ್ತವೆ ಕಣೋ. ನರ್ಸಮ್ಮ, ಬೇಗ ಹಾಸಿ, ಹಿಡ್ಕೊಳಕ್ಕೆ ಆಗ್ತಿಲ್ಲ."

ಅವನು ನಕ್ಕ. ನರ್ಸಮ್ಮ ಬಟ್ಟೆ ಹಾಸಿ ಮುಗಿಸಿ, ಇನ್ನು ಮಲಗಿಸಿ ಎಂದಳು. ನಾನು ಮಲಗಿಸಲಿಲ್ಲ. ಕೈ ಬಿದ್ದುಹೋಗುತ್ತಿದೆ ಎಂದು ಗೊಣಗುತ್ತಲೇ ಅವನನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ.